ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಕ್ಟೋರಿಯಾ ಕಾಲದ ಗುಳಿಗೆಗಳೂ ಅವುಗಳ ಜಾಹೀರಾತೂ

ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದಲ್ಲಿ, ಎಂದರೆ 1837ರಿಂದ 1901ರವರೆಗೆ, ಇಂಗ್ಲೆಂಡಿನಲ್ಲಿ ವೈದ್ಯರೂ ಔಷಧಿ ವ್ಯಾಪಾರಿಗಳೂ ಜನರ ಮುಂದೆ ಹೇಗೆ ಬರುತ್ತಿದ್ದರೆಂಬುದನ್ನು ಕುರಿತು ಹಲವು ಓದುಗರು ಬರೆದಿದ್ದಾರೆ. ಒಂದೇ ವಿಷಯಕ್ಕೆ ಸೇರಿದ ಪತ್ರಗಳಾದ್ದರಿಂದ ಅವುಗಳಿಗೆ ಈ ಸಂಚಿಕೆಯಲ್ಲಿ ಒಟ್ಟಾಗಿ ಉತ್ತರಿಸುತ್ತಿದ್ದೇವೆ.

ಪ್ರಶ್ನೆ: ಹಳೆಯ ಇಂಗ್ಲಿಷ್ ಪತ್ರಿಕೆಗಳ ಪುಟಗಳನ್ನು ಅಂತರ್ಜಾಲದಲ್ಲಿ ನೋಡುವುದು ನನ್ನ ಹವ್ಯಾಸ. ಎಲ್ಲಿ ನೋಡಿದರೂ ಗುಳಿಗೆ, ಮುಲಾಮುಗಳ ಜಾಹೀರಾತು. ಹತ್ತಾರು ಕಾಯಿಲೆಗಳನ್ನು ಒಂದೇ ಗುಳಿಗೆ ವಾಸಿಮಾಡುತ್ತದೆಂದು ಬರೆದಿರುತ್ತದೆ. ಇವುಗಳಿಗೆ ಸರ್ಕಾರ ಪೇಟೆಂಟ್ ಕೊಟ್ಟಿತ್ತೆ? ಯಾರೂ ಇವನ್ನು ತಡೆಯಲಿಲ್ಲವೆ? (ನಿವೃತ್ತ ಶಿಕ್ಷಕರು, ಮೈಸೂರು)

ಉತ್ತರ: ಪೇಟೆಂಟ್ ಔಷಧಿಗಳೆಂದು ಕರೆಸಿಕೊಂಡರೂ ಇವುಗಳಲ್ಲಿ ಬಹುಪಾಲಿಗೆ ಪೇಟೆಂಟ್ ಇರಲಿಲ್ಲ. ಪೇಟೆಂಟ್ ಪಡೆಯಬೇಕಾದರೆ ಔಷಧಿಯಲ್ಲಿ ಏನೇನು ಬೆರೆಸಿದೆಯೆಂದು ಬರೆದುಕೊಡಬೇಕಾಗಿತ್ತು. ಈ ವ್ಯಾಪಾರ ನಿಂತಿದ್ದುದೇ ಅದನ್ನು ಗುಟ್ಟಾಗಿ ಇಡುವುದರ ಮೇಲೆ. ಸರ್ಕಾರದಿಂದ ಅವುಗಳಿಗೆ ದೊರೆಯುತ್ತಿದ್ದುದು ತೆರಿಗೆಯ ಮುದ್ರೆ ಮಾತ್ರ. 1783ರಲ್ಲಿ ಆರಂಭವಾಗಿ 1812ರಲ್ಲಿ ಪರಿಷ್ಕೃತವಾದ ಸುಂಕದ ಕಾನೂನಿನ ಪ್ರಕಾರ, 1 ಷಿಲಿಂಗ್ ಬೆಲೆಯ ಔಷಧಿಯ ಡಬ್ಬಿಗೆ ಒಂದೂವರೆ ಪೆನ್ನಿಯ ಸುಂಕದ ಚೀಟಿಯನ್ನು ಅಂಟಿಸಬೇಕಾಗಿತ್ತು. (ಆಗ 12 ಪೆನ್ನಿಗೆ 1 ಷಿಲಿಂಗ್, 20 ಷಿಲಿಂಗಿಗೆ 1 ಪೌಂಡ್.) ಆ ಕಾಲದ ಜಾಹೀರಾತುಗಳಲ್ಲಿ 1 ಷಿಲಿಂಗ್ ಒಂದೂವರೆ ಪೆನ್ನಿ ಎಂಬ ಬೆಲೆ ಮತ್ತೆ ಮತ್ತೆ ಕಾಣಿಸುವುದಕ್ಕೆ ಇದೇ ಕಾರಣ. ಓದು ಬಾರದ ಅಥವಾ ಅಷ್ಟಿಷ್ಟು ಓದಬಲ್ಲ ಬಡವನಿಗೆ ಡಬ್ಬಿಯ ಮೇಲಿನ ಸರ್ಕಾರಿ ಚೀಟಿ ತೆರಿಗೆಯ ರಸೀದಿಯೆಂದು ಹೊಳೆಯುತ್ತಿರಲಿಲ್ಲ. ಸರ್ಕಾರವೇ ಪರೀಕ್ಷಿಸಿ ಒಪ್ಪಿದ ಔಷಧಿಯೆಂದೇ ಅವನು ನಂಬುತ್ತಿದ್ದನು. ವ್ಯಾಪಾರಿಗಳು ಆ ನಂಬಿಕೆಯನ್ನು ಚೆನ್ನಾಗಿ ಬಳಸಿಕೊಂಡರು. ಬೊಕ್ಕಸಕ್ಕೆ ಪ್ರತಿ ಡಬ್ಬಿಯಿಂದಲೂ ಹಣ ಬರುತ್ತಿದ್ದಾಗ ಅದನ್ನು ತಡೆಯುವ ಆಸಕ್ತಿ ಸರ್ಕಾರಕ್ಕೆ ಇರಲಿಲ್ಲ.

ಪತ್ರಿಕೆಗಳ ಸ್ಥಿತಿಯೂ ಹೆಚ್ಚು ಬೇರೆಯಾಗಿರಲಿಲ್ಲ. ಶತಮಾನದ ಮೊದಲ ಭಾಗದಲ್ಲಿ ಪ್ರತಿಯೊಂದು ಜಾಹೀರಾತಿನ ಮೇಲೂ ತೆರಿಗೆಯಿತ್ತು. ಆ ತೆರಿಗೆ 1853ರಲ್ಲಿ ರದ್ದಾಯಿತು; 1855ರಲ್ಲಿ ಪತ್ರಿಕೆಗಳ ಮೇಲಿನ ಮುದ್ರಾ ತೆರಿಗೆಯೂ 1861ರಲ್ಲಿ ಕಾಗದದ ಮೇಲಿನ ಸುಂಕವೂ ಹೋದವು. ಒಂದು ಪೆನ್ನಿಗೆ ದಿನಪತ್ರಿಕೆ ಸಿಗುವ ಕಾಲ ಬಂದದ್ದು ಹೀಗೆ. ಅಷ್ಟು ಕಡಿಮೆ ಬೆಲೆಗೆ ಪತ್ರಿಕೆಯನ್ನು ಕೊಡಬೇಕಾದರೆ ಉಳಿದ ಖರ್ಚನ್ನು ಜಾಹೀರಾತುದಾರರೇ ತುಂಬಬೇಕು, ಮತ್ತು ವರ್ಷವಿಡೀ ಬಿಡದೆ ಹಣ ಕಟ್ಟುವವರಲ್ಲಿ ಗುಳಿಗೆಯ ವ್ಯಾಪಾರಿಗಳು ಮುಂದಿನ ಸಾಲಿನವರು. ಹಳ್ಳಿಯ ಸಣ್ಣ ವಾರಪತ್ರಿಕೆಯೂ ಲಂಡನ್ನಿನ ದೊಡ್ಡ ಪತ್ರಿಕೆಯೂ ಅವರ ಹಣವನ್ನು ನೆಚ್ಚಿಕೊಂಡಿದ್ದವು.

ಕೊಂಡುಕೊಳ್ಳುತ್ತಿದ್ದವರನ್ನು ಮೂಢರೆಂದು ತಳ್ಳಿಹಾಕುವುದು ಮಾತ್ರ ನ್ಯಾಯವಲ್ಲ. ದೊಡ್ಡ ವೈದ್ಯರ ಶುಲ್ಕ 1 ಗಿನಿ, ಎಂದರೆ 21 ಷಿಲಿಂಗ್. ಕೂಲಿಯವನ ವಾರದ ಸಂಬಳಕ್ಕಿಂತ ಅದು ಹೆಚ್ಚು. ಹಣ ಹೊಂದಿಸಿಕೊಂಡು ಹೋದರೂ ಆ ಯುಗದ ಮೊದಲ ದಶಕಗಳಲ್ಲಿ ವೈದ್ಯರ ಬಳಿ ಇದ್ದ ಚಿಕಿತ್ಸೆಯೆಂದರೆ ರಕ್ತ ತೆಗೆಯುವುದು, ಪಾದರಸದ ಲವಣಗಳನ್ನು ಬಾಯಿ ಹುಣ್ಣಾಗುವವರೆಗೆ ಕೊಡುವುದು. ಅಂಥ ಚಿಕಿತ್ಸೆಗೆ ಹೆದರಿ ಜನ ಒಂದು ಷಿಲಿಂಗಿನ ಗುಳಿಗೆಯ ಕಡೆಗೆ ತಿರುಗಿದ್ದರಲ್ಲಿ ತಪ್ಪು ಹುಡುಕಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಪ್ರಶ್ನೆ: ನನ್ನ ಮಗಳು ಓದುತ್ತಿರುವ ರಾಯಲ್ ಹಾಲೊವೇ ಕಾಲೇಜನ್ನು ಗುಳಿಗೆ ಮಾರಿದ ಹಣದಿಂದ ಕಟ್ಟಿದರೆಂದು ಅವಳು ಫೋನಿನಲ್ಲಿ ಹೇಳಿದಳು. ಇದು ನಿಜವೆ? ಅಷ್ಟು ಹಣ ತರುವಂಥದ್ದು ಆ ಗುಳಿಗೆಯಲ್ಲಿ ಏನಿತ್ತು? (ಗೃಹಿಣಿ, ಹಾಸನ)

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಥಾಮಸ್ ಹಾಲೊವೇ 1837ರಲ್ಲಿ ಲಂಡನ್ನಿನಲ್ಲಿ ಒಂದು ಮುಲಾಮನ್ನು ಮಾರಲು ತೊಡಗಿ, ಸ್ವಲ್ಪ ಕಾಲದಲ್ಲೇ ಗುಳಿಗೆಯನ್ನೂ ಸೇರಿಸಿದನು. ಆರಂಭದಲ್ಲಿ ಜಾಹೀರಾತಿನ ಬಾಕಿ ತೀರಿಸಲಾಗದೆ ಸಾಲಗಾರರ ಸೆರೆಮನೆಯನ್ನೂ ಕಂಡನು. ಆದರೂ ಜಾಹೀರಾತನ್ನು ಅವನು ಕಡಿಮೆ ಮಾಡಲಿಲ್ಲ. 1842ರಲ್ಲಿ ಅದಕ್ಕಾಗಿ 5,000 ಪೌಂಡ್ ಖರ್ಚು ಮಾಡಿದವನು 1855ರ ವೇಳೆಗೆ ವರ್ಷಕ್ಕೆ 30,000 ಪೌಂಡ್ ಸುರಿಯುತ್ತಿದ್ದನು. ಬ್ರಿಟಿಷರ ಹಡಗು ಮುಟ್ಟುವ ಊರುಗಳಲ್ಲೆಲ್ಲ ಅವನ ಜಾಹೀರಾತು ಬಂದಿತು. ಮಕ್ಕಳಿಲ್ಲದ ಅವನು 1883ರಲ್ಲಿ ತೀರಿಕೊಳ್ಳುವ ಮೊದಲು ತನ್ನ ಸಂಪತ್ತನ್ನು ಎರಡು ದೊಡ್ಡ ಕೆಲಸಗಳಿಗೆ ಮೀಸಲಿಟ್ಟನು: ಒಂದು, ಮನೋರೋಗಿಗಳ ಆಸ್ಪತ್ರೆ, ಅದು 1885ರಲ್ಲಿ ತೆರೆಯಿತು, ಇನ್ನೊಂದು, ಹೆಣ್ಣುಮಕ್ಕಳ ಉನ್ನತ ಶಿಕ್ಷಣಕ್ಕಾಗಿ ಸರ‍್ರೆ ಪ್ರಾಂತ್ಯದ ಎಗಮ್ ಎಂಬಲ್ಲಿ ಕಟ್ಟಿದ ಕಾಲೇಜು, ಅದನ್ನು 1886ರಲ್ಲಿ ವಿಕ್ಟೋರಿಯಾ ರಾಣಿಯೇ ಉದ್ಘಾಟಿಸಿದರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಇನ್ನೂ ಅರೆತೆರೆದಿದ್ದ ಕಾಲದಲ್ಲಿ ಇದು ಸಣ್ಣ ದಾನವಲ್ಲ. ಹಣ ಬಂದ ದಾರಿಯನ್ನು ಒಪ್ಪದೆಯೂ ಆ ದಾನವನ್ನು ಮನಸಾರೆ ಗೌರವಿಸಬಹುದೆಂದು ನಾವು ಭಾವಿಸುತ್ತೇವೆ.

ಗುಳಿಗೆಯಲ್ಲಿ ಇದ್ದುದು ಮುಖ್ಯವಾಗಿ ಲೋಳೆಸರದ ಒಣಗಿಸಿದ ರಸ, ಎಂದರೆ ಭೇದಿಯ ಔಷಧಿ. ಹಾಲೊವೇಯ ಮುಂದಿನ ತಲೆಮಾರಿನ ದೊಡ್ಡ ವ್ಯಾಪಾರಿ ಥಾಮಸ್ ಬೀಚಮ್‌ನ ಗುಳಿಗೆಯನ್ನು ಮುಂದೆ ಬ್ರಿಟಿಷ್ ವೈದ್ಯಕೀಯ ಸಂಘ ರಾಸಾಯನಿಕವಾಗಿ ಪರೀಕ್ಷಿಸಿದಾಗ ಸಿಕ್ಕಿದ್ದು ಲೋಳೆಸರದ ರಸ, ಶುಂಠಿ ಮತ್ತು ಸಾಬೂನು. ಹುಡುಗನಾಗಿದ್ದಾಗ ಕುರಿ ಕಾಯುತ್ತಿದ್ದ ಬೀಚಮ್ 1859ರಲ್ಲಿ ಲ್ಯಾಂಕಷೈರಿನ ಸೇಂಟ್ ಹೆಲೆನ್ಸ್ ಪಟ್ಟಣದಲ್ಲಿ ತನ್ನ ಗುಳಿಗೆಯ ಡಬ್ಬಿ ಒಂದು ಗಿನಿ ಬೆಲೆ ಬಾಳುತ್ತದೆಂದು ಜಾಹೀರಾತು ಕೊಟ್ಟನು. ಗಿನಿಯೆಂದರೆ ವೈದ್ಯರ ಶುಲ್ಕವೆಂದು ಓದುಗರಿಗೆಲ್ಲ ಗೊತ್ತಿದ್ದುದರಿಂದ ಆ ಮಾತು ಹೇಳಬೇಕಾದುದನ್ನೆಲ್ಲ ಹೇಳಿಬಿಟ್ಟಿತು. 56 ಗುಳಿಗೆಗಳ ಡಬ್ಬಿಯ ಬೆಲೆ 1 ಷಿಲಿಂಗ್ ಒಂದೂವರೆ ಪೆನ್ನಿ. ಅದರೊಳಗಿನ ಪದಾರ್ಥಗಳ ಬೆಲೆ ಒಂದು ಪೆನ್ನಿಯ ಎಂಟನೆಯ ಒಂದು ಭಾಗವೆಂದು ವೈದ್ಯಕೀಯ ಸಂಘ ಲೆಕ್ಕ ಹಾಕಿತು. ಎಂದರೆ ಕೊಳ್ಳುವವನು ಸರಕಿಗೆ ನೂರು ಪಟ್ಟಿಗೂ ಮೀರಿ ಕೊಡುತ್ತಿದ್ದನು, ಮತ್ತು ಆ ಹಣದ ದೊಡ್ಡ ಪಾಲು ಹೋಗುತ್ತಿದ್ದುದು ಅವನನ್ನು ಮತ್ತೆ ಅಂಗಡಿಗೆ ಕರೆತರುವ ಜಾಹೀರಾತಿಗೆ. ಬೀಚಮ್‌ನ ಮಗ ಜೋಸೆಫ್ ವ್ಯಾಪಾರ ನಡೆಸುತ್ತಿದ್ದ 1890ರ ಸುಮಾರಿಗೆ ಜಾಹೀರಾತಿನ ಖರ್ಚು ವರ್ಷಕ್ಕೆ ಒಂದು ಲಕ್ಷ ಪೌಂಡಿನ ಆಸುಪಾಸಿಗೆ ಬಂದಿತ್ತು. ಮಲಬದ್ಧತೆಯಿದ್ದವನಿಗೆ ಗುಳಿಗೆಯಿಂದ ಉಪಶಮನ ಸಿಗುತ್ತಿದ್ದುದು ನಿಜ. ಉಳಿದ ಕಾಯಿಲೆಗಳ ಹೆಸರುಗಳನ್ನೆಲ್ಲ ಸೇರಿಸಿದ್ದು ಜಾಹೀರಾತು.

ಪ್ರಶ್ನೆ: ವೈದ್ಯರು ತಮ್ಮ ಬಗ್ಗೆ ಜಾಹೀರಾತು ಕೊಡಬಾರದೆಂದು ನಮಗೆ ಕಾಲೇಜಿನಲ್ಲಿಯೇ ಕಲಿಸಿದರು. ಈ ನಿಯಮದ ಬೇರು ವಿಕ್ಟೋರಿಯಾ ಕಾಲದಲ್ಲಿ ಇದೆಯೆ? (ವೈದ್ಯರು, ಮಂಗಳೂರು)

ಉತ್ತರ: ಹೌದು, ಅಲ್ಲಿಯೇ ಇದೆ, ಮತ್ತು ಇಡೀ ವಿಷಯದಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿರುವುದು ಇದೇ. 1858ರ ವೈದ್ಯಕೀಯ ಕಾಯ್ದೆಯಿಂದ ಬ್ರಿಟನ್ನಿನಲ್ಲಿ ಅರ್ಹ ವೈದ್ಯರ ನೋಂದಣಿ ಪುಸ್ತಕವೂ ಅದನ್ನು ನೋಡಿಕೊಳ್ಳುವ ಮಹಾಮಂಡಳಿಯೂ ಹುಟ್ಟಿಕೊಂಡವು. ವೃತ್ತಿಗೆ ಕಳಂಕ ತರುವಂತೆ ನಡೆದುಕೊಂಡ ವೈದ್ಯನ ಹೆಸರನ್ನು ಪುಸ್ತಕದಿಂದ ತೆಗೆದುಹಾಕುವ ಅಧಿಕಾರ ಮಂಡಳಿಗೆ ಬಂದಿತು. ಆದರೆ ಅದೇ ಕಾಯ್ದೆ ಓದದವರು ಚಿಕಿತ್ಸೆ ಮಾಡುವುದನ್ನು ನಿಷೇಧಿಸಲಿಲ್ಲ. ನೋಂದಾಯಿತ ವೈದ್ಯನೆಂದು ಸುಳ್ಳು ಹೇಳಿಕೊಳ್ಳದಿದ್ದರೆ ಸಾಕು, ಯಾರು ಬೇಕಾದರೂ ಏನನ್ನು ಬೇಕಾದರೂ ವಾಸಿಮಾಡುತ್ತೇನೆಂದು ಪತ್ರಿಕೆಯಲ್ಲಿ ಬರೆಸಿಕೊಳ್ಳಬಹುದಾಗಿತ್ತು. ಜಾಹೀರಾತು ಕೊಡುವುದೂ ವೃತ್ತಿಗೆ ಕಳಂಕವೆಂದೇ ಎಣಿಕೆಯಾದದ್ದರಿಂದ, ಓದಿದ ವೈದ್ಯನಿಗೆ ಬಾಗಿಲ ಹಿತ್ತಾಳೆ ಫಲಕ ಮತ್ತು ವೈದ್ಯರ ಮನೆಯ ಗುರುತಾದ ಕೆಂಪು ದೀಪವಷ್ಟೇ ಉಳಿದವು. ಓದದವನಿಗೆ ಊರಿನ ಗೋಡೆಗಳೆಲ್ಲ ತೆರೆದಿದ್ದವು. ಕಾಯಿಲೆ ಬಿದ್ದ ಮನುಷ್ಯನ ಕಿವಿಗೆ ಬೀಳುತ್ತಿದ್ದ ಮಾತೆಲ್ಲ ಎರಡನೆಯವನದು.

ಇದರ ಅತ್ಯಂತ ಕ್ರೂರ ರೂಪ ಗುಪ್ತರೋಗಗಳ ವಿಷಯದಲ್ಲಿ ಕಾಣುತ್ತದೆ. ಅಂಚೆಯ ಮೂಲಕ ಗೋಪ್ಯವಾಗಿ ಚಿಕಿತ್ಸೆ ನೀಡುತ್ತೇವೆಂದು ಜಾಹೀರಾತು ಕೊಟ್ಟವರು, ನಾಚಿಕೆಯಿಂದ ಎಲ್ಲವನ್ನೂ ಬರೆದು ತಿಳಿಸಿದ ಯುವಕರ ಪತ್ರಗಳನ್ನೇ ಇಟ್ಟುಕೊಂಡು ಬೆದರಿಸಿ ಹಣ ಕಿತ್ತ ಪ್ರಸಂಗಗಳು ಇವೆ. ಇಂಥ ಕಾಯಿಲೆಗಳ ಭಿತ್ತಿಪತ್ರಗಳನ್ನು ಬೀದಿಯಲ್ಲಿ ಅಂಟಿಸುವುದನ್ನು 1889ರ ಅಶ್ಲೀಲ ಜಾಹೀರಾತು ಕಾಯ್ದೆ ತಡೆಯಿತು. ಆದರೆ ಆ ಕಾಯ್ದೆಯ ಕಾಳಜಿ ಇದ್ದುದು ಬೀದಿಯ ಮರ್ಯಾದೆಯ ಬಗ್ಗೆ, ರೋಗಿಯ ಬಗ್ಗೆ ಅಲ್ಲ.

ಜಾಹೀರಾತಿನ ಕಾರಣಕ್ಕೆ ಹೆಸರು ಕಳೆದುಕೊಂಡ ವೈದ್ಯರಲ್ಲಿ ಥಾಮಸ್ ಅಲಿನ್ಸನ್ ಅವರ ಪ್ರಕರಣ ಪ್ರಸಿದ್ಧವಾದುದು, ಮತ್ತು ಸರಳವಲ್ಲದ್ದು. ಎಡಿನ್‌ಬರೋದಲ್ಲಿ ಓದಿದ ಅವರು ಸಸ್ಯಾಹಾರಿ. ತೌಡು ತೆಗೆಯದ ಗೋಧಿಯ ರೊಟ್ಟಿ, ವ್ಯಾಯಾಮ, ಶುದ್ಧ ಗಾಳಿ ಇವುಗಳನ್ನು ಔಷಧಿಗಿಂತ ಮೇಲೆಂದು ನಂಬಿದವರು. ಲಂಡನ್ನಿನ ವಾರಪತ್ರಿಕೆಯೊಂದರಲ್ಲಿ ಆರೋಗ್ಯದ ಅಂಕಣ ಬರೆಯುತ್ತ, ಇತರ ವೈದ್ಯರು ಔಷಧಿಯ ಹೆಸರಿನಲ್ಲಿ ವಿಷ ಕುಡಿಸುತ್ತಾರೆಂದು ಟೀಕಿಸಿದ್ದಲ್ಲದೆ, ತಮ್ಮ ಬಳಿ ಸಲಹೆಗೆ ಬರಬೇಕೆಂದು ಪತ್ರಿಕೆಗಳಲ್ಲಿ ಪ್ರಕಟಿಸಿಯೂ ಇದ್ದರು. ಮಂಡಳಿ 1892ರಲ್ಲಿ ಅವರ ಹೆಸರನ್ನು ಪುಸ್ತಕದಿಂದ ತೆಗೆಯಿತು. ಅವರು ನ್ಯಾಯಾಲಯಕ್ಕೆ ಹೋದರು, 1894ರಲ್ಲಿ ಮೇಲ್ಮನವಿಯಲ್ಲೂ ಸೋತರು. ಒಳ್ಳೆಯ ಹೆಸರೂ ಸಾಮರ್ಥ್ಯವೂ ಇರುವ ಸಹವೃತ್ತಿಯವರು ಯಾವ ನಡತೆಯನ್ನು ಅವಮಾನಕರವೆಂದು ಬಗೆಯುತ್ತಾರೋ ಅದೇ ವೃತ್ತಿಗೆ ಕಳಂಕವೆಂದು ಆ ತೀರ್ಪು ಹೇಳಿತು; ವೈದ್ಯಕೀಯ ಶಿಸ್ತಿನ ಕಾನೂನಿನಲ್ಲಿ ಆ ಮಾತನ್ನು ಬಹುಕಾಲ ಉಲ್ಲೇಖಿಸುತ್ತ ಬಂದರು. ಲೋಳೆಸರದ ಗುಳಿಗೆಯವನು ನೂರು ಕಾಯಿಲೆ ಗುಣವಾಗುತ್ತದೆಂದು ಬರೆದು ಶ್ರೀಮಂತನಾದ ವರ್ಷಗಳಲ್ಲಿಯೇ, ಇಡಿ ಗೋಧಿ ತಿನ್ನಿರೆಂದು ಬರೆದವರು ವೃತ್ತಿಯಿಂದ ಹೊರಬಿದ್ದರು. ನಿಯಮವಿರಬೇಕಾದ್ದು ಸರಿಯೇ, ಆದರೆ ಅದರ ಭಾರವೆಲ್ಲ ಒಂದೇ ಕಡೆಗೆ ಬಿದ್ದದ್ದು ಅನ್ಯಾಯವೆಂದು ಸ್ಪಷ್ಟವಾಗಿ ಹೇಳಬೇಕಾಗಿದೆ.

ಅಲಿನ್ಸನ್ ಅವರ ಹೆಸರು ನಮ್ಮ ಓದುಗರಲ್ಲಿ ಕೆಲವರಿಗೆ ಗಾಂಧೀಜಿಯವರ ಆತ್ಮಕಥೆಯಿಂದ ಪರಿಚಿತವಾಗಿರಬಹುದು. ಸಂತಾನ ನಿಯಂತ್ರಣವನ್ನು ಬೋಧಿಸಿದರೆಂದು ಅವರನ್ನು ಲಂಡನ್ನಿನ ಸಸ್ಯಾಹಾರಿಗಳ ಸಂಘದಿಂದ ಹೊರಹಾಕಲು ಹೊರಟಾಗ, ಆ ಬೋಧನೆಯನ್ನು ಒಪ್ಪದಿದ್ದರೂ ಹೊರಹಾಕುವುದು ತಪ್ಪೆಂದು ವಾದಿಸಿದವರು ಆಗ ಅಲ್ಲಿ ವಿದ್ಯಾರ್ಥಿಯಾಗಿದ್ದ ಗಾಂಧೀಜಿ. 1914ರಲ್ಲಿ ಲಂಡನ್ನಿನಲ್ಲಿ ಎದೆಯ ಉರಿಯೂತದಿಂದ ಮಲಗಿದ್ದಾಗ ಅವರು ಸಲಹೆ ಕೇಳಿದವರಲ್ಲಿ ಇದೇ ಅಲಿನ್ಸನ್ ಒಬ್ಬರು.

ಪ್ರಶ್ನೆ: ಕರಾರು ಕಾನೂನಿನ ತರಗತಿಯಲ್ಲಿ ಕಾರ್ಲಿಲ್ ಪ್ರಕರಣವನ್ನು ಓದಿದ್ದೇವೆ. ಆದರೆ ಆ ಹೊಗೆಯ ಚೆಂಡು ಏನು, ಅದರಿಂದ ಯಾರಿಗಾದರೂ ಗುಣವಾಯಿತೆ ಎಂಬುದನ್ನು ಯಾರೂ ಹೇಳಲಿಲ್ಲ. (ಕಾನೂನು ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಅದು ಕಾರ್ಬಾಲಿಕ್ ಆಮ್ಲ ಸೇರಿಸಿದ ಪುಡಿಯನ್ನು ತುಂಬಿದ ರಬ್ಬರಿನ ಚೆಂಡು. ಕೈಯಲ್ಲಿ ಅಮುಕಿದರೆ ಪುಡಿ ಹೊಗೆಯಂತೆ ಎದ್ದು ಕೊಳವೆಯ ಮೂಲಕ ಮೂಗಿಗೆ ಹೋಗುತ್ತಿತ್ತು. ಬೆಲೆ 10 ಷಿಲಿಂಗ್, ಬಡವರ ಕೈಗೆ ಎಟುಕದ್ದು. 1889ರ ಕೊನೆಯಿಂದ ಯುರೋಪಿನಲ್ಲಿ ಇನ್‌ಫ್ಲುಯೆಂಜಾ ಮತ್ತೆ ಮತ್ತೆ ಹರಡುತ್ತಿತ್ತು, ಜನ ಹೆದರಿದ್ದರು. ಆ ಹೆದರಿಕೆಯ ನಡುವೆ, 1891ರ ನವೆಂಬರಿನಲ್ಲಿ, ಚೆಂಡನ್ನು ದಿನಕ್ಕೆ ಮೂರು ಸಲ ಎರಡು ವಾರ ಬಳಸಿದ ಮೇಲೂ ಇನ್‌ಫ್ಲುಯೆಂಜಾ ಬಂದವರಿಗೆ 100 ಪೌಂಡ್ ಕೊಡುತ್ತೇವೆಂದೂ, ಮಾತಿನ ಪ್ರಾಮಾಣಿಕತೆಗೆ ಸಾಕ್ಷಿಯಾಗಿ 1,000 ಪೌಂಡನ್ನು ಬ್ಯಾಂಕಿನಲ್ಲಿ ಇಟ್ಟಿದ್ದೇವೆಂದೂ ಚೆಂಡನ್ನು ಮಾರುತ್ತಿದ್ದ ಕಂಪನಿಯು ಪತ್ರಿಕೆಯಲ್ಲಿ ಪ್ರಕಟಿಸಿತು. ಲೂಯಿಸಾ ಕಾರ್ಲಿಲ್ ಅದನ್ನು ನೋಡಿ ಚೆಂಡನ್ನು ಕೊಂಡು, ಹೇಳಿದಂತೆಯೇ ಬಳಸಿದರು. 1892ರ ಜನವರಿ 17ರಂದು ಅವರಿಗೆ ಇನ್‌ಫ್ಲುಯೆಂಜಾ ಬಂದಿತು. ಅವರ ಪತಿ ವಕೀಲಿ ವೃತ್ತಿಯವರಾಗಿದ್ದು ಕಂಪನಿಗೆ ಪತ್ರ ಬರೆದರು; ಕಂಪನಿ ಹಣ ಕೊಡಲಿಲ್ಲ.

ಕಂಪನಿಯ ವಕೀಲರ ವಾದ ಬೇರೆ ಬೇರೆ ರೂಪದಲ್ಲಿ ಒಂದೇ ಆಗಿತ್ತು: ಜಾಹೀರಾತಿನ ಮಾತನ್ನು ಯಾರೂ ಮಾತೆಂದು ಹಿಡಿಯಬಾರದು. ಮೇಲ್ಮನವಿ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು, ಲಿಂಡ್ಲಿ, ಬೋವೆನ್ ಮತ್ತು ಸ್ಮಿತ್, 1892ರ ಡಿಸೆಂಬರಿನಲ್ಲಿ ಅದನ್ನು ತಳ್ಳಿಹಾಕಿದರು. ಬ್ಯಾಂಕಿನಲ್ಲಿ ಹಣವಿಟ್ಟಿದ್ದೇವೆಂದು ಬರೆದವರು ಬರಿಯ ಹೊಗಳಿಕೆಯೆಂದು ಹಿಂದೆ ಸರಿಯಲಾಗದು, ಷರತ್ತನ್ನು ನಡೆಸಿದ್ದೇ ಒಪ್ಪಿಗೆ ಎಂದು ತೀರ್ಪಿತ್ತರು. ಷರತ್ತನ್ನು ನೆರವೇರಿಸುವುದೇ ಒಪ್ಪಿಗೆಯೆಂದು ನಮ್ಮ 1872ರ ಭಾರತೀಯ ಕರಾರು ಕಾಯ್ದೆಯ 8ನೆಯ ಸೆಕ್ಷನ್ ಇಪ್ಪತ್ತು ವರ್ಷ ಮೊದಲೇ ಹೇಳಿತ್ತೆಂಬುದನ್ನೂ ನೀವು ಗಮನಿಸಬಹುದು.

ನಿಮ್ಮ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು. ಚೆಂಡಿನಿಂದ ಇನ್‌ಫ್ಲುಯೆಂಜಾವನ್ನು ತಡೆಯಲು ಆಗುತ್ತಿರಲಿಲ್ಲ. ಆ ಕಾಯಿಲೆಗೆ ವೈರಸ್ ಕಾರಣವೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಆದರೆ ಚೆಂಡು ಕೆಲಸ ಮಾಡುತ್ತದೆಯೆ ಎಂಬುದನ್ನು ನ್ಯಾಯಾಲಯ ತೀರ್ಮಾನಿಸುವ ಅಗತ್ಯವೇ ಇರಲಿಲ್ಲ. ಗೆದ್ದದ್ದು ಕರಾರು. 100 ಪೌಂಡಿನ ಆಸೆ ತೋರಿಸದೆ, ಇದು ಇನ್‌ಫ್ಲುಯೆಂಜಾವನ್ನು ಖಂಡಿತ ತಡೆಯುತ್ತದೆಂದಷ್ಟೇ ಬರೆದಿದ್ದರೆ ಕಾರ್ಲಿಲ್ ಅವರಿಗೆ ಈ ಕರಾರಿನ ದಾರಿ ಇರುತ್ತಿರಲಿಲ್ಲ. ತೀರ್ಪಿನ ಮರುವರ್ಷ ಕಂಪನಿ 200 ಪೌಂಡಿನ ಬಹುಮಾನ ಘೋಷಿಸಿ, ಈ ಸಲ ಬಿಗಿಯಾದ ಷರತ್ತುಗಳೊಂದಿಗೆ, ಹೊಸ ಜಾಹೀರಾತು ಕೊಟ್ಟಿತು. ಅದನ್ನು ತಡೆಯುವ ಕಾನೂನು ಇರಲಿಲ್ಲ.

ಪ್ರಶ್ನೆ: ಅಳುವ ಮಕ್ಕಳನ್ನು ಮಲಗಿಸಲು ಅಫೀಮು ಬೆರೆಸಿದ ಔಷಧಿಗಳನ್ನು ಮಾರುತ್ತಿದ್ದರೆಂದು ಓದಿದೆ. ಇಂಥವು ಭಾರತಕ್ಕೂ ಬಂದಿದ್ದವೆ? (ಅಂಗನವಾಡಿ ಕಾರ್ಯಕರ್ತೆ, ರಾಯಚೂರು)

ಉತ್ತರ: ಮಾರುತ್ತಿದ್ದರು, ಮತ್ತು ಬರೆಯುವಾಗ ಕೈ ಹಿಂಜರಿಯುವ ವಿಷಯವಿದು. ಗಾಡ್‌ಫ್ರೇಸ್ ಕಾರ್ಡಿಯಲ್ ಎಂಬ ಸಿಹಿಯಾದ ಅಫೀಮಿನ ದ್ರಾವಣ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಮನೆಮನೆಯ ಔಷಧಿಯಾಗಿತ್ತು. ಅಮೆರಿಕದಿಂದ ಬಂದ ಮಿಸೆಸ್ ವಿನ್ಸ್‌ಲೋ ಹೆಸರಿನ ಸಿರಪ್‌ನಲ್ಲಿ ಮಾರ್ಫಿನ್ ಇತ್ತು. ಅದರ ಜಾಹೀರಾತಿನ ಚಿತ್ರಗಳಲ್ಲಿ ನಗುವ ತಾಯಿಯೂ ದುಂಡುಮುಖದ ಮಗುವೂ ಇರುತ್ತಿದ್ದರು. ಹೆಚ್ಚು ಕೊಟ್ಟರೆ ಮಗುವಿನ ಉಸಿರು ನಿಲ್ಲುತ್ತಿತ್ತು. ದಿನವೂ ಸ್ವಲ್ಪ ಸ್ವಲ್ಪ ಕೊಟ್ಟರೆ ಮಗು ಸದಾ ಮಂಪರಿನಲ್ಲಿದ್ದು, ಹಸಿವು ಸತ್ತು, ಹಾಲು ಕುಡಿಯದೆ ಸೊರಗಿ ಸಾಯುತ್ತಿತ್ತು. ಅಂಥ ಸಾವು ಅಫೀಮಿನದೆಂದು ದಾಖಲಾಗದೆ ಹೋಗುವುದೂ ಇತ್ತು. ಬೆಳಗಿನಿಂದ ರಾತ್ರಿಯವರೆಗೆ ಗಿರಣಿಯಲ್ಲಿ ದುಡಿಯಲೇಬೇಕಾದ ತಾಯಿ, ಶಿಶುಗಳನ್ನು ನೋಡಿಕೊಳ್ಳುವ ಮುದುಕಿಯ ಬಳಿ ಕೂಸನ್ನು ಬಿಟ್ಟು ಹೋಗುತ್ತಿದ್ದಳು. ಸೀಸೆಯಲ್ಲಿ ಏನಿದೆಯೆಂದು ಆ ತಾಯಿಗೆ ಹೇಳಿದವರು ಯಾರೂ ಇರಲಿಲ್ಲ. ಅಫೀಮಿನ ಮಾರಾಟಕ್ಕೆ ಮೊದಲ ಸಲ ಕಟ್ಟು ಹಾಕಿದ 1868ರ ಔಷಧಿ ಕಾಯ್ದೆಯೂ ಪೇಟೆಂಟ್ ಔಷಧಿಗಳಿಗೆ ವಿನಾಯಿತಿ ಕೊಟ್ಟಿತು. ವಿಷವಿರುವ ಪೇಟೆಂಟ್ ಔಷಧಿಗೂ ಕಾಯ್ದೆ ಅನ್ವಯಿಸುತ್ತದೆಂದು ನ್ಯಾಯಾಲಯಗಳಲ್ಲಿ ತೀರ್ಮಾನವಾಗಲು 1890ರ ದಶಕ ಬರಬೇಕಾಯಿತು.

ಭಾರತದ ನಂಟು ಕ್ಲೋರೋಡೈನ್‌ಗೆ ಇದೆ. ಭಾರತದಲ್ಲಿ ಬ್ರಿಟಿಷ್ ಸೇನೆಯ ವೈದ್ಯನಾಗಿದ್ದ ಜಾನ್ ಕಾಲಿಸ್ ಬ್ರೌನ್ 1848ರ ಸುಮಾರಿಗೆ ಕಾಲರಾ ರೋಗಿಗಳಿಗಾಗಿ ಅದನ್ನು ತಯಾರಿಸಿದನು. 1856ರಿಂದ ಲಂಡನ್ನಿನಲ್ಲಿ ಮಾರಾಟವಾಯಿತು. ಅದರಲ್ಲಿ ಅಫೀಮಿನ ಸತ್ತ್ವ, ಕ್ಲೋರೋಫಾರ್ಮ್ ಮತ್ತು ಗಾಂಜಾದ ಅರ್ಕ ಇದ್ದವು. ಅಫೀಮು ಭೇದಿಯನ್ನು ಕಟ್ಟುತ್ತದೆ, ನೋವನ್ನು ತಗ್ಗಿಸುತ್ತದೆ. ಆದ್ದರಿಂದ ಗುಣ ಕಾಣಿಸುತ್ತಿತ್ತು. ಚಟವೂ ಅಷ್ಟೇ ಬೇಗ ಅಂಟಿಕೊಳ್ಳುತ್ತಿತ್ತು. ಭಾರತದಲ್ಲಿದ್ದ ಬ್ರಿಟಿಷರ ಮನೆಗಳ ಔಷಧಿ ಪೆಟ್ಟಿಗೆಯಲ್ಲಿ ಇದಕ್ಕೆ ಬಹುಕಾಲ ಸ್ಥಾನವಿತ್ತು.

ಪ್ರಶ್ನೆ: ನಮ್ಮ ಅಂಗಡಿಯಲ್ಲಿ ದಿನವೂ ಮಾರುವ ಈನೋ ಆ ಕಾಲದ್ದೇ ಎಂದು ಕೇಳಿದೆ. ಹೌದೆ? (ಕಿರಾಣಿ ವ್ಯಾಪಾರಿ, ದಾವಣಗೆರೆ)

ಉತ್ತರ: ಹೌದು. ನ್ಯೂಕಾಸಲ್ ಪಟ್ಟಣದ ಜೇಮ್ಸ್ ಕ್ರಾಸ್‌ಲಿ ಈನೋ ಅದನ್ನು 1850ರ ದಶಕದಲ್ಲಿ ಆರಂಭಿಸಿದನು. ಸೋಡಾ ಮತ್ತು ಹಣ್ಣಿನ ಆಮ್ಲ ಸೇರಿದ ಅದು ಹುಳಿತೇಗಿಗೆ ಆಗಲೂ ಉಪಶಮನ ಕೊಡುತ್ತಿತ್ತು, ಈಗಲೂ ಕೊಡುತ್ತದೆ. ಆಗಿನ ಜಾಹೀರಾತು ಮಾತ್ರ ಜ್ವರಗಳನ್ನೂ ದೂರವಿಡುತ್ತದೆನ್ನುತ್ತಿತ್ತು. ಮುಂದೆ ಆ ಕಂಪನಿಯನ್ನು ಕೊಂಡದ್ದು ಮೇಲೆ ಹೇಳಿದ ಬೀಚಮ್ ಸಂಸ್ಥೆಯೇ.

ಪ್ರಶ್ನೆ: ಈ ಜಾಹೀರಾತುಗಳು ಕೊನೆಗೆ ನಿಂತದ್ದು ಹೇಗೆ? ಅವುಗಳ ಮೂಲ ಪ್ರತಿಗಳನ್ನು ಈಗ ನೋಡಲು ಸಾಧ್ಯವೆ? (ಸಂಶೋಧನಾ ವಿದ್ಯಾರ್ಥಿ, ಕಲಬುರಗಿ)

ಉತ್ತರ: ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನಿಲ್ಲಲಿಲ್ಲ. ಬ್ರಿಟಿಷ್ ವೈದ್ಯಕೀಯ ಸಂಘ ಪ್ರಸಿದ್ಧ ಔಷಧಿಗಳನ್ನೆಲ್ಲ ಕೊಂಡು ತಂದು, ರಾಸಾಯನಿಕ ವಿಶ್ಲೇಷಣೆ ಮಾಡಿಸಿ, ಪ್ರತಿಯೊಂದರಲ್ಲಿ ಏನಿದೆ, ಅದರ ನಿಜವಾದ ಬೆಲೆಯೆಷ್ಟು ಎಂಬುದನ್ನು 1909ರಲ್ಲಿ ‘ಸೀಕ್ರೆಟ್ ರೆಮೆಡೀಸ್’ ಎಂಬ ಪುಸ್ತಕವಾಗಿ ಹೊರತಂದಿತು. ಗುಳಿಗೆಯ ಜಾಹೀರಾತನ್ನು ದಶಕಗಳ ಕಾಲ ಮುದ್ರಿಸಿದ್ದ ಪತ್ರಿಕೆಗಳಲ್ಲಿ ಅನೇಕವು, ಹಣ ಕೊಡುತ್ತೇವೆಂದರೂ ಆ ಪುಸ್ತಕದ ಜಾಹೀರಾತನ್ನು ಒಪ್ಪಲಿಲ್ಲ. ಪತ್ರಿಕಾವೃತ್ತಿಯಲ್ಲಿರುವ ನಮಗೆ ಇದು ನೋವುಂಟುಮಾಡುವ ಸಂಗತಿ. ಆನಂತರ ಸಂಸತ್ತು ನೇಮಿಸಿದ ವಿಶೇಷ ಸಮಿತಿ 1912ರಿಂದ ಎರಡು ವರ್ಷ ವಿಚಾರಣೆ ನಡೆಸಿ, ಯಾರು ಯಾವ ಮಿಶ್ರಣವನ್ನಾದರೂ ಯಾವ ಕಾಯಿಲೆಗಾದರೂ ಮದ್ದೆಂದು ಮಾರುವುದನ್ನು ತಡೆಯಲು ಬ್ರಿಟಿಷ್ ಕಾನೂನಿಗೆ ಶಕ್ತಿಯಿಲ್ಲವೆಂದು ವರದಿ ಮಾಡಿತು. ವರದಿ ಪ್ರಕಟವಾದದ್ದು 1914ರ ಆಗಸ್ಟ್ 4ರಂದು, ಬ್ರಿಟನ್ ಮಹಾಯುದ್ಧಕ್ಕೆ ಇಳಿದ ದಿನ. ಅದರ ಶಿಫಾರಸುಗಳು ಮೂಲೆಗೆ ಬಿದ್ದವು. ಗುಪ್ತರೋಗಗಳ ಔಷಧಿಯ ಜಾಹೀರಾತನ್ನು 1917ರಲ್ಲಿ, ಕ್ಯಾನ್ಸರ್ ಚಿಕಿತ್ಸೆಯದನ್ನು 1939ರಲ್ಲಿ ನಿಷೇಧಿಸಿದರು. 1941ರಲ್ಲಿ ಸುಂಕದ ಚೀಟಿಯನ್ನು ರದ್ದುಮಾಡಿ, ಔಷಧಿಯಲ್ಲಿ ಏನಿದೆಯೆಂದು ಡಬ್ಬಿಯ ಮೇಲೆ ಬರೆಯುವುದನ್ನು ಕಡ್ಡಾಯ ಮಾಡಿದರು. ನಮ್ಮ ದೇಶದಲ್ಲಿ ಇಂಥ ಜಾಹೀರಾತುಗಳಿಗಾಗಿಯೇ 1954ರಲ್ಲಿ ಕಾಯ್ದೆಯಾಯಿತು. ಮಧುಮೇಹ, ಕ್ಯಾನ್ಸರ್ ಮೊದಲಾದವನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ನೀಡುವುದು ಅದರ ಪ್ರಕಾರ ಅಪರಾಧ.

ಮೂಲ ಪ್ರತಿಗಳನ್ನು ನೋಡಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಲಂಡನ್ನಿನ ವೆಲ್‌ಕಮ್ ಸಂಗ್ರಹ ತನ್ನಲ್ಲಿರುವ ಅನೇಕ ಭಿತ್ತಿಪತ್ರ, ಡಬ್ಬಿಯ ಚೀಟಿ, ಕರಪತ್ರಗಳ ಚಿತ್ರಗಳನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಒದಗಿಸಿದೆ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದ ಜಾನ್ ಜಾನ್ಸನ್ ಸಂಗ್ರಹದಲ್ಲಿಯೂ ಪೇಟೆಂಟ್ ಔಷಧಿಗಳ ಜಾಹೀರಾತುಗಳು ಹೇರಳವಾಗಿವೆ. ಸಂಶೋಧನೆಗೆ ತೊಡಗುವ ಮೊದಲು 1909ರ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡು, ಒಂದೊಂದು ಜಾಹೀರಾತಿನ ಎದುರಿಗೆ ಆಯಾ ಔಷಧಿಯ ವಿಶ್ಲೇಷಣೆಯನ್ನು ಬರೆದುಕೊಳ್ಳುತ್ತ ಹೋದರೆ ನಿಮ್ಮ ಕೆಲಸಕ್ಕೆ ಅನುಕೂಲವಾಗುತ್ತದೆ.